ಯಂತ್ರ ಓದದ ಷರಾ, ಅದರ ಕಾಗುಣಿತ ತಿದ್ದಿದವರು

ಪಹಣಿಯಲ್ಲಿ ಈರಪ್ಪ, ಆಧಾರ್‌ನಲ್ಲಿ ವೀರಪ್ಪ. ಒಂದೇ ಅಕ್ಷರದ ವ್ಯತ್ಯಾಸ. ಅದನ್ನು ಸರಿಮಾಡಿಸಲು ಎಷ್ಟು ದಿನದ ಕೂಲಿ ಹೋಗುತ್ತದೆ, ಎಷ್ಟು ಸಲ ಬಸ್ ಹತ್ತಬೇಕಾಗುತ್ತದೆ ಎಂಬುದನ್ನು ನಿಮಗೆ ನಾವು ಹೇಳಬೇಕಿಲ್ಲ. ಸ್ಟ್ರಿಂಗರ್ ಆದಾಗಿನಿಂದ ನಾವು ಕಳಿಸಿದ ವರದಿಗಳಲ್ಲಿ ಇಂಥವು ಎಷ್ಟೋ ಇವೆ.

ಅದೇ ಕಚೇರಿಯ ರಿಜಿಸ್ಟರ್ ತೆಗೆದು ನೋಡಿ. ಕೊನೆಗೆ ‘ಷರಾ’ ಅಂತ ಒಂದು ಕಾಲಂ ಇರುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲೂ ಇರುತ್ತದೆ, ಹಾಲಿನ ಡೇರಿ ಲೆಕ್ಕದಲ್ಲೂ ಇರುತ್ತದೆ. ಅಲ್ಲಿ ‘ಖುದ್ದಾಗಿ ಹಾಜರಾಗಿದ್ದಾರೆ’ ಅನ್ನುವುದನ್ನು ‘ಕುದ್ದಾಗಿ’ ಎಂದು ಬರೆದರೆ ಯಾರ ಹಣವೂ ನಿಲ್ಲುವುದಿಲ್ಲ. ಷರಾ ಇರುವುದು ಮುಂದೆ ಆ ಪುಸ್ತಕ ತೆರೆಯುವ ಇನ್ನೊಬ್ಬ ಗುಮಾಸ್ತನಿಗಾಗಿ. ಲೆಕ್ಕಕ್ಕೆ ಅದು ಬರುವುದಿಲ್ಲ.

ಸಾಫ್ಟ್‌ವೇರ್ ಒಳಗೂ ಇಂಥದೇ ಒಂದು ಷರಾ ಇದೆ. ಇಂಗ್ಲಿಷಿನಲ್ಲಿ ಅದನ್ನು ಕಾಮೆಂಟ್ ಅನ್ನುತ್ತಾರೆ. ಫೇಸ್‌ಬುಕ್ ಪೋಸ್ಟ್ ಕೆಳಗೆ ನಾವು ಹಾಕುವ ಕಾಮೆಂಟ್ ಬೇರೆ, ಇದು ಬೇರೆ. ಪ್ರೋಗ್ರಾಂ ಬರೆಯುವವರು ಯಂತ್ರಕ್ಕೆ ಕೊಡುವ ಆದೇಶಗಳ ಪಕ್ಕದಲ್ಲಿ, ‘ಈ ಸಾಲು ಯಾಕೆ ಬರೆದೆ, ಇಲ್ಲಿ ಎಚ್ಚರ’ ಎಂದು ಮನುಷ್ಯರಿಗಾಗಿ ಬರೆದಿಡುವ ಟಿಪ್ಪಣಿ ಅದು. ಯಂತ್ರ ಅದನ್ನು ಓದುವುದೇ ಇಲ್ಲ, ದಾಟಿ ಹೋಗುತ್ತದೆ. ಹಾಗಾಗಿ ಅಲ್ಲಿ ಕಾಗುಣಿತ ತಪ್ಪಿದರೂ ಆ್ಯಪ್ ನಿಲ್ಲುವುದಿಲ್ಲ, ಫೋನ್ ಬಿಸಿಯಾಗುವುದಿಲ್ಲ.

ಆದರೂ ಆ ತಪ್ಪುಗಳನ್ನು ತಿದ್ದಬೇಕೇ ಬೇಡವೇ ಎಂದು ದೊಡ್ಡ ದೊಡ್ಡ ಎಂಜಿನಿಯರುಗಳು ವರ್ಷಗಟ್ಟಲೆ ವಾದ ಮಾಡಿದ್ದಾರೆ. ತಿದ್ದಲು ಹೊರಟ ಸಾವಿರಾರು ಹುಡುಗರು ಬೈಗುಳ ತಿಂದಿದ್ದಾರೆ, ಅದರಲ್ಲಿ ನಮ್ಮ ದೇಶದವರೂ ಬಹಳ. ಈ ಸಣ್ಣ ವಿಷಯಕ್ಕೂ ಒಂದು ಇತಿಹಾಸ ಇದೆ ಎಂದು ನಮಗೆ ಗೊತ್ತಾದದ್ದು ಇತ್ತೀಚೆಗೆ. ಹೇಗೆ ಗೊತ್ತಾಯಿತು ಎಂಬುದನ್ನು ಕೊನೆಗೆ ಹೇಳುತ್ತೇವೆ.

ಮೊದಲು ಕಾರ್ಡಿನ ಕಾಲಕ್ಕೆ ಹೋಗೋಣ. 1957ರಲ್ಲಿ ಐಬಿಎಂ ಕಂಪನಿ ಫೋರ್ಟ್ರಾನ್ ಎಂಬ ಭಾಷೆ ಹೊರತಂದಿತು. ಲೆಕ್ಕದ ಸೂತ್ರಗಳನ್ನು ಯಂತ್ರಕ್ಕೆ ಹೇಳುವ ಭಾಷೆ. ಆಗ ಪರದೆಯೂ ಇಲ್ಲ, ಕೀಬೋರ್ಡಿನಲ್ಲಿ ಒತ್ತಿ ಅಳಿಸುವುದೂ ಇಲ್ಲ. ದಪ್ಪ ಕಾಗದದ ಕಾರ್ಡಿನಲ್ಲಿ ತೂತು ಹೊಡೆದು ಬರೆಯಬೇಕು, ಒಂದು ಕಾರ್ಡಿಗೆ ಒಂದು ಸಾಲು, 80 ಅಕ್ಷರದ ಜಾಗ. ಕಾರ್ಡಿನ ಮೊದಲನೇ ಮನೆಯಲ್ಲಿ ‘ಸಿ’ ಅಕ್ಷರದ ತೂತು ಇದ್ದರೆ ಆ ಕಾರ್ಡನ್ನು ಯಂತ್ರ ಬಿಟ್ಟುಬಿಡುತ್ತಿತ್ತು. ಅದೇ ಷರಾ ಕಾರ್ಡು. ಅದರಲ್ಲಿ ಒಂದು ಅಕ್ಷರ ತಪ್ಪಿದರೆ ತಿದ್ದಲು ಇಡೀ ಕಾರ್ಡನ್ನು ಹೊಸದಾಗಿ ತೂತು ಹೊಡೆಯಬೇಕು. ಯಂತ್ರ ಓದದ ಕಾರ್ಡಿಗೆ ಅಷ್ಟು ಶ್ರಮ ಯಾರು ಪಡುತ್ತಾರೆ? ತಪ್ಪುಗಳು ಹಾಗೇ ಉಳಿದವು.

ಎಷ್ಟು ದೊಡ್ಡವರ ತಪ್ಪೂ ಉಳಿಯಿತು ಎನ್ನುವುದಕ್ಕೆ ಚಂದ್ರನ ಕಥೆ ಇದೆ. 1969ರ ಜುಲೈನಲ್ಲಿ ಅಪೊಲೊ 11 ಚಂದ್ರನ ಮೇಲೆ ಇಳಿಯಿತಲ್ಲ, ಅದರೊಳಗಿನ ಕಂಪ್ಯೂಟರಿನ ಪ್ರೋಗ್ರಾಂ ಬರೆದದ್ದು ಅಮೆರಿಕದ ಎಂಐಟಿಯ ಒಂದು ಪ್ರಯೋಗಾಲಯ. ಆ ತಂಡವನ್ನು ಮುನ್ನಡೆಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಪ್ರೋಗ್ರಾಂ ಅಚ್ಚಾದ ಕಾಗದದ ಕಟ್ಟುಗಳ ಪಕ್ಕ ನಿಂತಿರುವ ಒಂದು ಫೋಟೊ ಪ್ರಸಿದ್ಧವಾಗಿದೆ. ಕಾಗದದ ಪೇರಿ ಅವರಷ್ಟೇ ಎತ್ತರ ಇದೆ. ಆ ಕಾಗದದ ತುಂಬ ಷರಾಗಳು. ಒಂದು ಕಡೆ ಬರೆದವರು ‘ಇದು ತಾತ್ಕಾಲಿಕ’ ಎಂದು ಹೇಳಿ, ಹಾಗಿರಲಿ ಎಂಬ ಆಸೆಯನ್ನು ಮೂರು ಸಲ ಒತ್ತಿ ಬರೆದಿದ್ದಾರೆ. ಅದು ಹಾಗೇ ಚಂದ್ರನಿಗೆ ಹೋದ ಪ್ರೋಗ್ರಾಮಿನಲ್ಲಿ ಉಳಿದುಕೊಂಡಿದೆ. ನಮ್ಮೂರ ತಾತ್ಕಾಲಿಕ ಸೇತುವೆಗಳು ನೆನಪಾದವು.

ಎಷ್ಟೋ ವರ್ಷದ ನಂತರ ಕೆಲವು ಉತ್ಸಾಹಿಗಳು ಆ ಹಳೆಯ ಕಾಗದಗಳ ಸ್ಕ್ಯಾನ್ ಇಟ್ಟುಕೊಂಡು ಸಾಲು ಸಾಲಾಗಿ ಟೈಪ್ ಮಾಡಿದರು. 2016ರಲ್ಲಿ ಅದು ಗಿಟ್‌ಹಬ್ ಎಂಬ ತಾಣದಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಪ್ರೋಗ್ರಾಂ ಬರೆಯುವವರು ತಮ್ಮ ಕೆಲಸವನ್ನು ಇಟ್ಟು, ಬೇರೆಯವರಿಂದ ತಿದ್ದಿಸಿಕೊಳ್ಳುವ ಜಾಗ ಅದು, ಊರ ಕಟ್ಟೆ ಇದ್ದ ಹಾಗೆ. ಜಗತ್ತಿನ ಎಲ್ಲ ಕಡೆಯಿಂದ ಜನ ಬಂದು ತಿದ್ದುಪಡಿ ಕಳಿಸತೊಡಗಿದರು. ಆಗ ಅಲ್ಲಿಯವರು ಒಂದು ನಿಯಮ ಬರೆದು ಹಾಕಿದರು. ಮೂಲದಲ್ಲಿ ಎಂಜಿನಿಯರುಗಳೇ ಕಾಗುಣಿತ ತಪ್ಪು ಬರೆದಿದ್ದಾರೆ, ಟೈಪ್ ಮಾಡಿದವರು ಗೊತ್ತಿಲ್ಲದೆ ಕೆಲವನ್ನು ಸರಿಮಾಡಿಬಿಟ್ಟಿದ್ದಾರೆ. ಹಾಗೆ ಸರಿಯಾದದ್ದನ್ನು ಮತ್ತೆ ತಪ್ಪು ಮಾಡಬೇಕು! ಅವರು ಕೊಟ್ಟ ಉದಾಹರಣೆಯೇ ಇದು: ‘ಸ್ಪೇಸ್‌ಕ್ರಾಫ್ಟ್’ ಪದದ ಇಂಗ್ಲಿಷ್ ಕಾಗುಣಿತದಲ್ಲಿ ಮೊದಲ ‘ಸಿ’ ಬಿಟ್ಟುಹೋಗಿರುವುದು ಸ್ಕ್ಯಾನಿನಲ್ಲಿ ಕಂಡರೆ, ಟೈಪ್ ಮಾಡಿದ್ದರಿಂದಲೂ ಆ ‘ಸಿ’ ತೆಗೆಯಬೇಕು.

ಕೇಳಲು ತಮಾಷೆ ಅನ್ನಿಸುತ್ತದೆ. ಆದರೆ ಶಾಸನ ಓದುವವರು ನಮ್ಮಲ್ಲೂ ಇದನ್ನೇ ಮಾಡುತ್ತಾರೆ. ಹೊಲದ ಬದುವಿನಲ್ಲಿ ಬಿದ್ದ ಕಲ್ಲಿನಲ್ಲಿ ಕೆತ್ತಿದವನು ಒಂದು ಅಕ್ಷರ ತಪ್ಪಿದ್ದರೆ, ಪುಸ್ತಕದಲ್ಲಿ ಅಚ್ಚು ಮಾಡುವಾಗ ಅವನ ತಪ್ಪನ್ನು ಹಾಗೇ ಇಟ್ಟು, ಸರಿರೂಪವನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ಓಲೆಗರಿ ನಕಲು ಮಾಡಿದವರದು ಬೇರೆ ರೀತಿ. ಅವರು ಕೊನೆಯಲ್ಲಿ ‘ತಪ್ಪಿದ್ದರೆ ತಿದ್ದಿಕೊಂಡು ಓದಿ’ ಎಂಬ ಅರ್ಥದ ಮಾತು ಬರೆದು ಕೈಮುಗಿಯುವ ರೂಢಿ ಇತ್ತು. ಚಂದ್ರಯಾನದ ಪ್ರೋಗ್ರಾಂ ಈಗ ಶಾಸನದ ಕಡೆ ಸೇರಿಹೋಗಿದೆ. ದಿನಾ ಓಡುವ ಪ್ರೋಗ್ರಾಮುಗಳು ಓಲೆಗರಿಯ ಕಡೆ ಇವೆ, ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಲೇ ಇರುತ್ತವೆ.

ತಪ್ಪು ಹಿಡಿಯುವ ಕೆಲಸವನ್ನು ಯಂತ್ರಕ್ಕೇ ಕೊಡುವ ಯೋಚನೆಯೂ ಆ ಕಾಲದ್ದೇ. 1971ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಾಲ್ಫ್ ಗೋರಿನ್ ಅಂಥದೊಂದು ಪ್ರೋಗ್ರಾಂ ಬರೆದರು. 1975ರಲ್ಲಿ ಬೆಲ್ ಪ್ರಯೋಗಾಲಯದ ಸ್ಟೀವ್ ಜಾನ್ಸನ್ ಯುನಿಕ್ಸ್ ವ್ಯವಸ್ಥೆಗೆ ‘ಸ್ಪೆಲ್’ ಎಂಬುದನ್ನು ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಿದರಂತೆ. ಅದನ್ನು ಹದಕ್ಕೆ ತಂದವರು ಅವರ ಸಹೋದ್ಯೋಗಿ ಡಗ್ ಮೆಕಿಲ್‌ರಾಯ್. ಅವರ ಕಷ್ಟ ಜಾಗದ್ದು. ಯಂತ್ರದ ನೆನಪಿನಲ್ಲಿ 64 ಕಿಲೋಬೈಟ್ ಮಾತ್ರ ಸಿಗುತ್ತಿತ್ತು. ನೀವು ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಕಳಿಸುವ ಶುಭೋದಯದ ಚಿತ್ರವೇ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟರೊಳಗೆ ಸುಮಾರು 30,000 ಇಂಗ್ಲಿಷ್ ಪದಗಳನ್ನು ಅವರು ಮಡಿಸಿ ತುಂಬಿಸಿದರು. ಎಲ್ಲ ಪದಕ್ಕೂ ಜಾಗ ಇರಲಿಲ್ಲ. ಅಪರೂಪದವು ಹೊರಗೆ ಉಳಿದವು.

ಹಾಗೆ ಹೊರಗೆ ಉಳಿದ ಒಂದು ಪದ ಇವತ್ತಿಗೂ ನಿಮ್ಮ ಫೋನಿನಲ್ಲಿ ಓಡಾಡುತ್ತಿದೆ.

ನೀವು ಒಂದು ಜಾಲತಾಣದಲ್ಲಿ ಲಿಂಕ್ ಒತ್ತಿ ಇನ್ನೊಂದಕ್ಕೆ ಹೋದಾಗ, ‘ಇವರು ಇಂಥ ಕಡೆಯಿಂದ ಬಂದರು’ ಎಂದು ನಿಮ್ಮ ಬ್ರೌಸರ್ ಬಹುತೇಕ ಸಲ ಆ ಹೊಸ ತಾಣಕ್ಕೆ ಹೇಳುತ್ತದೆ. ಮದುವೆ ಮನೆಯ ಬಾಗಿಲಲ್ಲಿ ‘ಯಾರ ಕಡೆಯವರು?’ ಎಂದು ಕೇಳುತ್ತಾರಲ್ಲ, ಹಾಗೆ. ಆ ಮಾಹಿತಿಯ ಹೆಸರು ‘ರೆಫರರ್’. ಇಂಗ್ಲಿಷಿನಲ್ಲಿ ಆ ಪದದ ನಡುವೆ ‘ಆರ್’ ಜೋಡಿಯಾಗಿ ಬರಬೇಕು. ಅದನ್ನು ಸೇರಿಸಬೇಕೆಂದು ಪ್ರಸ್ತಾಪ ಬರೆದ ಫಿಲಿಪ್ ಹಾಲಮ್-ಬೇಕರ್ ಒಂದೇ ‘ಆರ್’ ಬರೆದರು. ತಪ್ಪು ಕಣ್ಣಿಗೆ ಬಿದ್ದಾಗ 1995ರ ಮಾರ್ಚ್‌ನಲ್ಲಿ ರಾಯ್ ಫೀಲ್ಡಿಂಗ್ ಹೇಳಿದ್ದು, ಯುನಿಕ್ಸ್‌ನ ಸ್ಪೆಲ್‌ಗೆ ಸರಿಯಾದ ಪದವೂ ಗೊತ್ತಿಲ್ಲ, ತಪ್ಪು ಪದವೂ ಗೊತ್ತಿಲ್ಲ ಎಂದು. ಅಷ್ಟರಲ್ಲಿ ಎಷ್ಟೋ ಪ್ರೋಗ್ರಾಮುಗಳು ಆ ತಪ್ಪು ಹೆಸರನ್ನೇ ಬಳಸಲು ಶುರುಮಾಡಿಬಿಟ್ಟಿದ್ದವು. 1996ರ ಮೇ ತಿಂಗಳಲ್ಲಿ ವೆಬ್‌ನ ನಿಯಮ ಪತ್ರ ಪ್ರಕಟವಾದಾಗ ತಪ್ಪು ಕಾಗುಣಿತವೇ ಅಧಿಕೃತವಾಯಿತು.

ಈಗ ಅದನ್ನು ತಿದ್ದಲು ಸಾಧ್ಯವಿಲ್ಲ. ಬ್ರೌಸರು ಸರಿಯಾಗಿ ಹೇಳತೊಡಗಿದರೆ ಎದುರಿನ ಸರ್ವರಿಗೆ ಅರ್ಥವಾಗುವುದಿಲ್ಲ. ಪಹಣಿಯ ಈರಪ್ಪನ ಕಥೆಯೇ. 2022ರಲ್ಲಿ ಹೊಸದಾಗಿ ಬರೆದ ನಿಯಮ ಪತ್ರದಲ್ಲೂ ಅದೇ ತಪ್ಪು ಹೆಸರಿದೆ, ಪಕ್ಕದಲ್ಲಿ ‘ಮೂಲದಲ್ಲಿ ಹೀಗೇ ಇದೆ’ ಎಂಬ ಗುರುತು ಹಾಕಿದ್ದಾರೆ. ಇನ್ನೂ ಸೋಜಿಗ ಎಂದರೆ, ಈ ಮಾಹಿತಿಯನ್ನು ಎಷ್ಟು ಹಂಚಬೇಕು ಎಂದು ಹೇಳಲು ನಂತರ ತಂದ ಇನ್ನೊಂದು ಹೆಸರಿನಲ್ಲಿ ‘ಆರ್’ ಸರಿಯಾಗಿ ಜೋಡಿ ಬರೆದಿದ್ದಾರೆ. ಹಾಗಾಗಿ ಒಂದೇ ಪುಟದಲ್ಲಿ ತಪ್ಪೂ ಸರಿಯೂ ಅಕ್ಕಪಕ್ಕ ಇರುತ್ತವೆ, ಎರಡೂ ಕಡ್ಡಾಯ.

ಯುನಿಕ್ಸ್ ಕಟ್ಟಿದವರಲ್ಲಿ ಮುಖ್ಯರಾದ ಕೆನ್ ಥಾಂಪ್ಸನ್ ಅವರದೂ ಇಂಥದೇ ಒಂದು ಇದೆ. ಹೊಸ ಫೈಲ್ ಹುಟ್ಟಿಸುವ ಆದೇಶಕ್ಕೆ ‘ಕ್ರಿಯೇಟ್’ ಎಂದು ಹೆಸರಿಡುವಾಗ ಕೊನೆಯ ‘ಇ’ ಬಿಟ್ಟರು. ಯುನಿಕ್ಸನ್ನು ಮತ್ತೆ ಮೊದಲಿನಿಂದ ಕಟ್ಟುವುದಾದರೆ ಏನು ಬದಲಾಯಿಸುತ್ತೀರಿ ಎಂದು ಕೇಳಿದಾಗ, ಆ ‘ಇ’ ಸೇರಿಸುತ್ತೇನೆ ಎಂದರಂತೆ. ಆಮೇಲೆ ಅವರೂ ಸೇರಿ ಕಟ್ಟಿದ ‘ಗೋ’ ಭಾಷೆಯಲ್ಲಿ ಆ ಪದಕ್ಕೆ ‘ಇ’ ಇದೆ.

ಇವೆರಡೂ ಷರಾ ಕಾಲಂ ದಾಟಿ ಲೆಕ್ಕದ ಕಾಲಂಗೆ ಬಂದ ತಪ್ಪುಗಳು. ಷರಾದೊಳಗೇ ಇರುವ ತಪ್ಪಿಗೆ ಈ ಕಷ್ಟ ಇಲ್ಲ, ಯಾವಾಗ ಬೇಕಾದರೂ ತಿದ್ದಬಹುದು. ಆದರೂ ‘ತಿದ್ದಬೇಡಿ’ ಎಂದವರು ಯಾಕೆ ಹಾಗೆಂದರು?

ಇದಕ್ಕೆ ಲಿನಕ್ಸ್ ಕಥೆ ಸರಿಯಾದದ್ದು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ್ದು, ಇವತ್ತು ನಿಮ್ಮ ಆಂಡ್ರಾಯ್ಡ್ ಫೋನಿನ ತಳಪಾಯ ಅದೇ. 2020ರ ಹೊತ್ತಿಗೆ ಅದರ ಸಾಲುಗಳು 2.5 ಕೋಟಿ ದಾಟಿದ್ದವು. ಷರಾಗಳೂ ಅದರಲ್ಲಿ ಸೇರಿವೆ. ಬರೆದವರು ಎಲ್ಲ ದೇಶದವರು, ಬಹಳ ಜನರ ಮನೆಮಾತು ಇಂಗ್ಲಿಷ್ ಅಲ್ಲ. ತಪ್ಪುಗಳಿಗೆ ಏನು ಕೊರತೆ?

ಲಿನಕ್ಸ್‌ಗೆ ಒಂದು ಅಕ್ಷರದ ತಿದ್ದುಪಡಿ ಕಳಿಸಿದರೂ ದೊಡ್ಡ ತಿದ್ದುಪಡಿಯಷ್ಟೇ ದಾರಿ ಅದು ನಡೆಯಬೇಕು. ಇಮೇಲ್‌ನಲ್ಲಿ ಕಳಿಸಬೇಕು, ಕೆಳಗೆ ‘ಇದಕ್ಕೆ ನಾನು ಹೊಣೆ’ ಎಂದು ಹೆಸರು ಬರೆದು ಸಹಿ ಹಾಕಬೇಕು, ಆ ಭಾಗ ನೋಡಿಕೊಳ್ಳುವ ಮೇಲ್ವಿಚಾರಕರು ಓದಿ ಒಪ್ಪಬೇಕು. ಅವರ ಮೇಜಿನ ಮೇಲೆ ಆಗಲೇ ನೂರಾರು ಪತ್ರ ಇರುತ್ತವೆ. ಫೋನ್ ಸ್ಥಗಿತಗೊಳಿಸುವ ದೋಷದ ಪತ್ರವೂ ‘ಇಲ್ಲಿ ಐ ಬದಲು ಇ ಆಗಿದೆ’ ಎಂಬ ಪತ್ರವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಅದೇ ಸಾಲಿನ ಮೇಲೆ ಇನ್ನೊಬ್ಬರು ದೊಡ್ಡ ಕೆಲಸ ಮಾಡುತ್ತಿದ್ದರೆ, ಈ ಸಣ್ಣ ತಿದ್ದುಪಡಿ ಮೊದಲು ನುಗ್ಗಿ ಅವರ ಕೆಲಸ ಹೊಂದಿಕೆಯಾಗದಂತೆ ಮಾಡುವುದೂ ಉಂಟು.

ಇನ್ನೊಂದು ತಕರಾರು ನಮಗೆ ಬಹಳ ಹಿಡಿಸಿತು. 2005ರಲ್ಲಿ ಟೊರ್ವಾಲ್ಡ್ಸ್ ‘ಗಿಟ್’ ಎಂಬ ದಾಖಲೆ ವ್ಯವಸ್ಥೆ ಬರೆದರು. ಯಾವ ಸಾಲನ್ನು ಕೊನೆಯದಾಗಿ ಮುಟ್ಟಿದವರು ಯಾರು, ಯಾವಾಗ, ಯಾಕೆ ಎಂದು ಅದು ತೋರಿಸುತ್ತದೆ. ಅದನ್ನು ಕೇಳುವ ಆದೇಶದ ಹೆಸರೇ ‘ಬ್ಲೇಮ್’, ಅಂದರೆ ದೂರು. ಹತ್ತು ವರ್ಷದ ಹಿಂದೆ ಒಬ್ಬರು ಯೋಚಿಸಿ ಬರೆದ ಸಾಲಿನಲ್ಲಿ ನಾವು ಒಂದು ಕೊಂಬು ತಿದ್ದಿದರೆ ಅಲ್ಲಿ ನಮ್ಮ ಹೆಸರು ಬಂದು ಕೂರುತ್ತದೆ. ಕಾರಣ ಹುಡುಕಿಕೊಂಡು ಬಂದವರಿಗೆ ಸಿಗುವುದು ‘ಕಾಗುಣಿತ ತಿದ್ದಲಾಗಿದೆ’ ಎಂಬ ಒಂದು ಮಾತು, ಮೂಲ ಬರೆದವರನ್ನು ಕಾಣಲು ಇನ್ನೊಂದು ಮೆಟ್ಟಿಲು ಇಳಿಯಬೇಕು. ಜಮೀನು ಯಾರದು ಎಂದು ನೋಡಲು ಹೋದರೆ ಬೇಲಿಗೆ ಬಣ್ಣ ಹಚ್ಚಿದವನ ಹೆಸರು ಸಿಕ್ಕ ಹಾಗೆ. 2019ರಲ್ಲಿ ಗಿಟ್‌ಗೆ ಇಂಥ ತಿದ್ದುಪಡಿಗಳನ್ನು ಬಿಟ್ಟು ಹಿಂದಿನವರನ್ನು ತೋರಿಸುವ ಅನುಕೂಲವೂ ಬಂತು. ಅಂದರೆ ದೂರು ಅಷ್ಟಿತ್ತು.

ಹಾಗಂತ ಲಿನಕ್ಸ್ ಬಳಗ ಬಾಗಿಲು ಹಾಕಲಿಲ್ಲ. ಇಂಥ ಚಿಲ್ಲರೆ ತಿದ್ದುಪಡಿ ತೆಗೆದುಕೊಳ್ಳಲು ರಸ್ಟಿ ರಸೆಲ್ ಎಂಬವರು ಬೇರೆಯದೇ ಒಂದು ವಿಳಾಸ ತೆರೆದರು. ಅದಕ್ಕೆ ಇಟ್ಟ ಹೆಸರು ‘ಟ್ರಿವಿಯಲ್ ಪ್ಯಾಚ್ ಮಂಕಿ’, ಚಿಲ್ಲರೆ ತೇಪೆಯ ಮಂಗ ಎನ್ನಬಹುದು. ಯಾವ ಕಾಗುಣಿತ ತಪ್ಪು ತೆಗೆದುಕೊಳ್ಳುತ್ತಾರೆ ಎಂಬ ನಿಯಮ ಓದಿದಾಗ ನಾವು ಸ್ವಲ್ಪ ಹೊತ್ತು ಅಲ್ಲೇ ನಿಂತೆವು. ಜನ ಓದುವ ಕೈಪಿಡಿಯಲ್ಲಿನ ತಪ್ಪು ತಿದ್ದಬಹುದು. ಉಳಿದ ಕಡೆ, ‘ಗ್ರೆಪ್’ ಕೆಡಿಸುವಂಥ ತಪ್ಪು ತಿದ್ದಬಹುದು.

ಗ್ರೆಪ್ ಎಂದರೆ ಹುಡುಕುವ ಸಾಧನ. ಬರೆದದ್ದು ಅದೇ ‘ಇ’ ಬಿಟ್ಟ ಕೆನ್ ಥಾಂಪ್ಸನ್. ಒಂದು ಪದ ಕೊಟ್ಟರೆ ಕೋಟಿ ಸಾಲಿನಲ್ಲೂ ಅದು ಎಲ್ಲೆಲ್ಲಿದೆ ಎಂದು ತೆಗೆದು ತೋರಿಸುತ್ತದೆ. ಆದರೆ ಅದಕ್ಕೆ ಅಕ್ಷರ ಅಕ್ಷರವೂ ಸರಿ ಹೊಂದಬೇಕು. ಷರಾದಲ್ಲಿ ಪದ ತಪ್ಪಿದ್ದರೆ ಆ ಷರಾ ಇದ್ದೂ ಇಲ್ಲದ ಹಾಗೆ. ‘ಇಲ್ಲಿ ಎಚ್ಚರ’ ಎಂದು ಯಾರೋ ಬರೆದಿಟ್ಟ ಮಾತು, ಎಚ್ಚರ ಬೇಕಾದವನಿಗೆ ಸಿಗುವುದೇ ಇಲ್ಲ. ಕಂಪ್ಯೂಟರ್ ಮುಂದೆ ಕೂತು ‘ವೀರಪ್ಪ’ ಎಂದು ಹುಡುಕಿ ‘ದಾಖಲೆ ಲಭ್ಯವಿಲ್ಲ’ ಎಂದು ವಾಪಸ್ ಕಳಿಸಿದ್ದನ್ನು ಎಷ್ಟು ಸಲ ಕಂಡಿದ್ದೇವೆ! ದಾಖಲೆ ಅಲ್ಲೇ ಇರುತ್ತದೆ, ಈರಪ್ಪ ಎಂಬ ಹೆಸರಿನಲ್ಲಿ.

ಆಮೇಲೆ ಒಂದು ಜಾಣತನ ಮಾಡಿದರು. ತಪ್ಪು ಒಳಗೆ ಬಂದ ಮೇಲೆ ತಿದ್ದುವುದಕ್ಕಿಂತ ಬಾಗಿಲಲ್ಲೇ ಹಿಡಿಯುವುದು. ತಿದ್ದುಪಡಿಗಳನ್ನು ಕಳಿಸುವ ಮುಂಚೆ ತಪಾಸಣೆ ಮಾಡುವ ಒಂದು ಪ್ರೋಗ್ರಾಂ ಲಿನಕ್ಸ್‌ನಲ್ಲಿ ಮೊದಲೇ ಇತ್ತು. 2014ರಲ್ಲಿ ಅದಕ್ಕೆ ಒಂದು ಪಟ್ಟಿ ಸೇರಿಸಿದರು. ನಿಘಂಟಿನಲ್ಲಿ ಸರಿಯಾದ ಪದಗಳಿರುತ್ತವೆ, ಇದು ತಪ್ಪು ಪದಗಳ ಪಟ್ಟಿ. ಎಡಗಡೆ ತಪ್ಪು, ನಡುವೆ ಎರಡು ಗೀಟು, ಬಲಗಡೆ ಸರಿ. ಬೀಜ ಬಂದದ್ದು ಡೆಬಿಯನ್ ಬಳಗದವರ ಪಟ್ಟಿಯಿಂದ. ಈಗ ಸಾವಿರಕ್ಕೂ ಹೆಚ್ಚು ಸಾಲು ಇವೆ. ‘ರಿಸೀವ್’ ಪದದಲ್ಲಿ ‘ಇ’ ಮತ್ತು ‘ಐ’ ಹಿಂದುಮುಂದಾಗುವುದು ಅದರಲ್ಲಿದೆ. ಡಿಪ್ಲೊಮಾ ಓದುವಾಗ ನಾವು ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡ ಪದ ಅದು. ಲಿನಕ್ಸ್ ಬರೆಯುವವರೂ ಅಲ್ಲೇ ಎಡವುತ್ತಾರೆ ಎಂದು ತಿಳಿದು ಸ್ವಲ್ಪ ಸಮಾಧಾನ ಆಯಿತು, ಸುಳ್ಳು ಯಾಕೆ ಹೇಳೋಣ.

ಇಷ್ಟೆಲ್ಲ ಇಂಗ್ಲಿಷಿನ ಮಾತಾಯಿತು. ಷರಾ ಬೇರೆ ಭಾಷೆಯಲ್ಲೇ ಇದ್ದರೆ? ಅದೂ ಆಗಿದೆ. ಶಾಲೆಗಳಲ್ಲಿ, ಸೈಬರ್ ಅಂಗಡಿಗಳಲ್ಲಿ ಕೆಲವರು ಬಳಸುವ ಲಿಬ್ರೆಆಫೀಸ್ ಗೊತ್ತಿರಬಹುದು. ದುಡ್ಡು ಕೊಡಬೇಕಿಲ್ಲ, ಅದರ ಮೆನು ಕನ್ನಡದಲ್ಲೂ ಸಿಗುತ್ತದೆ. ಅದರ ಬೇರು ಜರ್ಮನಿಯಲ್ಲಿದೆ. 1985ರಲ್ಲಿ ಮಾರ್ಕೊ ಬೋರಿಸ್ ಎಂಬ ಹದಿಹರೆಯದ ಹುಡುಗ ಶುರುಮಾಡಿದ ಸ್ಟಾರ್ ಡಿವಿಷನ್ ಎಂಬ ಕಂಪನಿಯ ಸಾಫ್ಟ್‌ವೇರ್ ಅದು. 1999ರಲ್ಲಿ ಅಮೆರಿಕದ ಸನ್ ಕಂಪನಿ ಕೊಂಡಿತು, ಮಾರನೇ ವರ್ಷ ಅದರ ಮೂಲ ಕೋಡ್ ಎಲ್ಲರಿಗೂ ತೆರೆಯಿತು. 2010ರ ಸೆಪ್ಟೆಂಬರ್‌ನಲ್ಲಿ ಬಳಗ ಕವಲೊಡೆದು ಲಿಬ್ರೆಆಫೀಸ್ ಆಯಿತು.

ಕೋಡ್ ತೆರೆದವರಿಗೆ ಕಂಡದ್ದು ಜರ್ಮನ್ ಭಾಷೆಯ ಷರಾಗಳು, ಸಾವಿರ ಎರಡು ಸಾವಿರ ಅಲ್ಲ, ಹತ್ತಾರು ಸಾವಿರ ಸಾಲು. ಬರೆದ ಜರ್ಮನ್ ಹುಡುಗರಿಗೆ ತಮ್ಮ ಭಾಷೆಯಲ್ಲಿ ಬರೆದುಕೊಂಡದ್ದರಲ್ಲಿ ತಪ್ಪೇನಿದೆ? ಅದು ಜಗತ್ತಿನ ಸ್ವತ್ತಾಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಈಗ ಬ್ರೆಜಿಲಿನವರಿಗೂ ಭಾರತದವರಿಗೂ ಆ ಷರಾ ಓದಲು ಬರುವುದಿಲ್ಲ. ಹಾಗಾಗಿ ಜರ್ಮನ್ ಸಾಲು ಯಾವುದು ಎಂದು ಊಹಿಸಿ ಹೇಳುವ ಒಂದು ಪುಟ್ಟ ಪ್ರೋಗ್ರಾಂ ಬರೆದು, ಅನುವಾದದ ಕೆಲಸವನ್ನು ‘ಸುಲಭದ ಕೆಲಸ’ಗಳ ಪಟ್ಟಿಗೆ ಹಾಕಿದರು. ಕೋಡ್ ಬರೆಯಲು ಬರದಿದ್ದರೂ ಪರವಾಗಿಲ್ಲ, ಜರ್ಮನ್ ಬಂದರೆ ಸಾಕು. ಸಾಲು ಸಾಲಾಗಿ ತಿದ್ದುತ್ತ ವರ್ಷಗಳೇ ಕಳೆದವು. ಇಲ್ಲಿ ಯಾರೂ ‘ಚಿಲ್ಲರೆ ಕೆಲಸ’ ಎನ್ನಲಿಲ್ಲ ಎಂಬುದನ್ನು ಗಮನಿಸಿ. ಕಾಗುಣಿತ ತಿದ್ದುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೆ, ಇಲ್ಲಿ ಮೇಲ್ವಿಚಾರಕರೇ ಕರೆದು ಕೆಲಸ ಕೊಟ್ಟರು.

ಕರೆಯದೆ ಬಂದವರ ಕಥೆ 2020ರದ್ದು. ಡಿಜಿಟಲ್‌ಓಷನ್ ಎಂಬ ಕಂಪನಿ 2014ರಿಂದ ಪ್ರತಿ ಅಕ್ಟೋಬರಿನಲ್ಲಿ ಒಂದು ಹಬ್ಬ ಮಾಡುತ್ತ ಬಂದಿದೆ, ಹೆಸರು ಹ್ಯಾಕ್ಟೋಬರ್‌ಫೆಸ್ಟ್. 2020ರಲ್ಲಿ ನಿಯಮ, 4 ತಿದ್ದುಪಡಿ ಕಳಿಸಿದರೆ ಟೀ ಶರ್ಟು. ಮೊದಲ ದಿನವೇ ಪ್ರವಾಹ ನುಗ್ಗಿತು. ಕಾಗುಣಿತ ಸರಿಯಿದ್ದ ಕಡೆ ತಪ್ಪು ಮಾಡಿದವರು, ಅಲ್ಪವಿರಾಮ ಸೇರಿಸಿದವರು, ಪರಿಚಯದ ಪುಟದಲ್ಲಿ ‘ಇದು ಅದ್ಭುತ ಪ್ರಾಜೆಕ್ಟ್’ ಎಂಬರ್ಥದ ಮಾತು ತುರುಕಿದವರು. ಬಿಡುವಿನಲ್ಲಿ ಪುಕ್ಕಟೆ ಕೆಲಸ ಮಾಡುವ ಮೇಲ್ವಿಚಾರಕರು ರೋಸಿಹೋದರು. ಒಪ್ಪಿದ ಯೋಜನೆಗಳಿಗೆ ಮಾತ್ರ ಎಂದು ಕಂಪನಿ ಅದೇ ವಾರ ನಿಯಮ ಬದಲಿಸಿತು. 2023ರಲ್ಲಿ ಟೀ ಶರ್ಟೇ ನಿಂತಿತು.

ಆ ಸಲ ಬೈಗುಳ ಹೆಚ್ಚು ಬಿದ್ದದ್ದು ಭಾರತದ ವಿದ್ಯಾರ್ಥಿಗಳಿಗೆ. ಇಲ್ಲಿನ ಒಂದು ಯೂಟ್ಯೂಬ್ ಪಾಠದಲ್ಲಿ ಹೇಗೆ ಕಳಿಸುವುದೆಂದು ತೋರಿಸಲು ಅಂಥದೊಂದು ಸಾಲು ಸೇರಿಸಿದ್ದರು, ಮಕ್ಕಳು ಅದನ್ನೇ ನಕಲು ಮಾಡಿದರು. ತಪ್ಪು ಮಾಡಿದ್ದು ನಿಜ. ಆದರೆ ನಮ್ಮ ತಾಲ್ಲೂಕಿನ ಕಾಲೇಜುಗಳ ಹುಡುಗರನ್ನು ಹತ್ತಿರದಿಂದ ನೋಡಿದವರಿಗೆ ಇನ್ನೊಂದು ಮುಖವೂ ಕಾಣುತ್ತದೆ. ಅಪ್ಪ ಅಮ್ಮ ಸಾಲ ಮಾಡಿ ಓದಿಸಿರುತ್ತಾರೆ, ಕ್ಯಾಂಪಸ್ಸಿಗೆ ಕಂಪನಿ ಬರುವುದಿಲ್ಲ, ಬಯೋಡೇಟಾದಲ್ಲಿ ಬರೆಯಲು ಏನಾದರೂ ಒಂದು ಬೇಕು. ಗಿಟ್‌ಹಬ್ಬಿನಲ್ಲಿ ಹೆಸರಿರಬೇಕು ಎಂದು ಯಾರೋ ಹೇಳಿರುತ್ತಾರೆ, ಹೇಗೆ ಎಂದು ಹೇಳಿಕೊಡುವವರು ಇರುವುದಿಲ್ಲ. ಕಾಗುಣಿತ ತಿದ್ದುವುದು ಅವರ ಕೈಗೆಟುಕುವ ಒಂದೇ ಬಾಗಿಲು. ಬಾಗಿಲಲ್ಲಿ ನೂಕುನುಗ್ಗಲು ಆಯಿತು ಎಂದು ಒಳಗಿನವರು ಚಿಲಕ ಹಾಕಿದರೆ ಅದೂ ಅರ್ಥವಾಗುವ ಮಾತೇ.

ತಪ್ಪು ತೋರಿಸಿದವರಿಗೆ ತಾವೇ ದುಡ್ಡು ಕೊಟ್ಟವರೂ ಇದ್ದಾರೆ. ಡೊನಾಲ್ಡ್ ನೂತ್ ಎಂಬ ಹಿರಿಯ ಪ್ರಾಧ್ಯಾಪಕರು ತಮ್ಮ ಪುಸ್ತಕದಲ್ಲಿ ಒಂದು ಅಚ್ಚಿನ ತಪ್ಪು ತೋರಿಸಿದರೂ 2.56 ಡಾಲರ್ ಚೆಕ್ ಬರೆದು ಕಳಿಸುತ್ತಿದ್ದರು. ಪ್ರೋಗ್ರಾಮನ್ನು ಮನುಷ್ಯರು ಓದುವ ಪ್ರಬಂಧದ ಹಾಗೆ ಬರೆಯಬೇಕು ಎಂದು 1984ರಲ್ಲಿ ವಾದಿಸಿದವರೂ ಅವರೇ. ಆ ಚೆಕ್ಕನ್ನು ಬಹಳ ಜನ ಬ್ಯಾಂಕಿಗೆ ಹಾಕಲೇ ಇಲ್ಲ, ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದರು.

ಈಗ ನಮ್ಮ ವಿಷಯ. ಕೆಲವು ತಿಂಗಳ ಹಿಂದೆ ಕನ್ನಡ ಟೈಪ್ ಮಾಡುವ ಒಂದು ಉಚಿತ ಕೀಲಿಮಣೆಯ ಕೋಡ್ ತೆರೆದು ನೋಡುತ್ತಿದ್ದೆವು. ನಮ್ಮಲ್ಲಿ ಯಾರೂ ಎಂಜಿನಿಯರ್ ಅಲ್ಲ, ಒತ್ತಕ್ಷರ ಯಾಕೆ ಒಡೆದು ಕಾಣುತ್ತದೆ ಎಂಬ ಓದುಗರೊಬ್ಬರ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೆವು ಅಷ್ಟೇ. ಅಕ್ಷರಗಳ ಪಕ್ಕದಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಷರಾ ಇತ್ತು. ‘ಳ’ ಅಕ್ಷರದ ಮುಂದೆ ‘ಲ’ ಎಂದೇ ಬರೆದಿದ್ದರು. ಕೀಲಿ ಸರಿಯಾಗೇ ಕೆಲಸ ಮಾಡುತ್ತಿತ್ತು, ಷರಾ ಮಾತ್ರ ತಪ್ಪು. ಹೆದರುತ್ತ ಹೆದರುತ್ತ ತಿದ್ದುಪಡಿ ಕಳಿಸಿದೆವು. ನೋಡಿಕೊಳ್ಳುವವರು ಕನ್ನಡದವರಲ್ಲ. ಎರಡು ವಾರ ಬಿಟ್ಟು ಉತ್ತರ ಬಂತು, ಎರಡೂ ಒಂದೇ ಅಲ್ಲವೇ ಎಂದು. ‘ಹಲ್ಲು’ ಮತ್ತು ‘ಹಳ್ಳಿ’ ಎರಡನ್ನೂ ಧ್ವನಿಮುದ್ರಿಸಿ ಕಳಿಸಿದೆವು. ಒಪ್ಪಿಕೊಂಡರು. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಉತ್ತರ ಬರೆಯಲು ಯುನಿಕೋಡ್ ಪಟ್ಟಿ ತೆರೆದಾಗ ಇನ್ನೊಂದು ಕಂಡಿತು. ಎಲ್ಲ ಭಾಷೆಯ ಅಕ್ಷರಕ್ಕೂ ಒಂದು ಸಂಖ್ಯೆ, ಒಂದು ಇಂಗ್ಲಿಷ್ ಹೆಸರು ಕೊಟ್ಟಿರುವ ಪಟ್ಟಿ ಅದು. ನೀವು ಈಗ ಓದುತ್ತಿರುವ ಅಕ್ಷರಗಳು ಫೋನಿನಲ್ಲಿ ಕಾಣುವುದು ಅದರ ಸಂಖ್ಯೆಗಳಿಂದಲೇ. ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು. ಇವತ್ತು ನಾವು ಕೋಳಿ, ಬಾಳೆ ಎಂದು ‘ಳ’ ಬಳಸುವ ಕಡೆ ಆಗ ಅದು ಬರುತ್ತಿತ್ತು. ಪಟ್ಟಿಯಲ್ಲಿ ಅದರ ಸಂಖ್ಯೆ 0ಸಿಡಿಇ, ಅದಕ್ಕೆ ಕೊಟ್ಟ ಹೆಸರು ‘ಕನ್ನಡ ಅಕ್ಷರ ಫ’. ‘ಫ’ಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲ ಎಂಬುದು 1996ರ ಎರಡನೇ ಆವೃತ್ತಿಯಿಂದ ಯುನಿಕೋಡ್ ಪಾಲಿಸುತ್ತಿರುವ ನಿಯಮ, ಯಾಕೆಂದರೆ ಎಷ್ಟೋ ಪ್ರೋಗ್ರಾಮುಗಳು ಆ ಹೆಸರನ್ನು ನಂಬಿ ಕೂತಿರುತ್ತವೆ. ಹಾಗಾಗಿ ಹೆಸರು ಹಾಗೇ ಇದೆ. ಸರಿಯಾದ ಹೆಸರನ್ನು ಬೇರೊಂದು ಪಟ್ಟಿಯಲ್ಲಿ ‘ತಿದ್ದುಪಡಿ’ ಎಂದು ದಾಖಲಿಸಿದ್ದಾರೆ. ಅಕ್ಷರದ ಕೆಳಗೆ, ಸಣ್ಣ ಅಕ್ಷರದಲ್ಲಿ, ಈ ಹೆಸರು ತಪ್ಪಾಗಿ ಬಂದದ್ದು ಎಂದು ಒಂದು ಷರಾ ಹಾಕಿದ್ದಾರೆ.